ದೇಜಿರೆ ಎಂದರೆ ಬಯಸಿ ಪಡೆದವಳು

ಸಿಸ್ಟರ್ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕೆ.ಆರ್. ನಗರದ ತರಕಾರಿ ಮಾರುಕಟ್ಟೆಯಲ್ಲಿ, ದಂಟಿನ ಸೊಪ್ಪು ಆರಿಸುತ್ತಾ ನಿಂತಿದ್ದಾಗ. ಫೋನಿನಲ್ಲಿ ಮಾತಾಡಿದ್ದು ಅವರ ಅಕ್ಕನ ಮೊಮ್ಮಗಳು. "ಚಿಕ್ಕಜ್ಜಿ ಹೋಗ್‌ಬುಟ್ರು ಟೀಚರ್," ಅಂದಳು.  ಸೊಪ್ಪಿನವಳು ಕವರು ಹಿಡಿದು ಕಾಯುತ್ತಲೇ ಇದ್ದಳು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರು ಕಿವಿಗೆ ಬಿದ್ದರೆ ಅವರ ಮುಖ ಒಂದು ಕ್ಷಣ ಮುದುಡುತ್ತಿತ್ತು. ಊರಿನವರಿಗೆಲ್ಲ ಅವರು ಸಿಸ್ಟರ್. ನಾನೂ ಹಾಗೇ ಕರೆಯುತ್ತಿದ್ದೆ.

ಕಬಿನಿ ಹಿನ್ನೀರಿನ ಕಡೆಯ ಒಂದು ಊರಿಗೆ ಕನ್ನಡ ಟೀಚರಾಗಿ ನಾನು ಹೋದಾಗ ಬಾಡಿಗೆಗೆ ಸಿಕ್ಕಿದ್ದು ಒಂದೇ ಹೆಂಚಿನ ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ಸಿಸ್ಟರ್ ಇದ್ದರು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಹೆರಿಗೆ ನೋಡಿಕೊಳ್ಳುವ ನರ್ಸು. ನಡುವೆ ಒಂದೇ ಗೋಡೆ, ಅದೂ ಮಾಡಿನವರೆಗೆ ಮುಟ್ಟಿರಲಿಲ್ಲ. ನಾನು ಕೆಮ್ಮಿದರೆ ಆ ಕಡೆಯಿಂದ "ಬಿಸಿನೀರು ಕುಡೀರಿ ಟೀಚರೇ" ಎಂದು ಕೇಳಿಸುತ್ತಿತ್ತು. ಸಾಮಾನು ಇಳಿಸಿದ ದಿನ ಅವರು ಉಪ್ಸಾರು, ಮುದ್ದೆ ತಂದುಕೊಟ್ಟು, ನಾನು ಉಣ್ಣುವಾಗ ಎದುರಿಗೇ ಕೂತು ಕೇಳಿದ ಮೊದಲ ಮಾತು, ನನ್ನ ಹೆಸರಿನ ಅರ್ಥವೇನು ಎಂಬುದು.

ನನ್ನದು ಒಂದು ನದಿಯ ಹೆಸರು. ಹೇಳಿದೆ.

"ನದಿ ಹೆಸ್ರಾ? ಒಳ್ಳೇದಾಯ್ತು ಬುಡಿ. ಎಲ್ಲೂ ನಿಂತ್ಕಳಲ್ಲ, ಹರ್ಕಂಡು ಹೋಯ್ತಾ ಇರ್ತೀರ."

ಯಾರೇ ಸಿಕ್ಕಲಿ, ಅವರದು ಇದೇ ಪ್ರಶ್ನೆ. ಬಸ್ಸಿನ ಕಂಡಕ್ಟರನಿಂದ ಹಿಡಿದು ಔಷಧಿ ಕಂಪನಿಯವರ ತನಕ ಯಾರನ್ನೂ ಬಿಡುತ್ತಿರಲಿಲ್ಲ. ಕೆಲವರಿಗೆ ತಮ್ಮ ಹೆಸರಿನ ಅರ್ಥವೇ ಗೊತ್ತಿರುತ್ತಿರಲಿಲ್ಲ. ಆಗ ಸಿಸ್ಟರ್‌ಗೆ ನಿಜವಾಗಿ ಬೇಜಾರಾಗುತ್ತಿತ್ತು. "ಕೂಸಿಗೆ ಉಣ್ಸೋ ಮೊದಲ್ನೇ ಅನ್ನ ಕಣ್ರೀ ಹೆಸ್ರು ಅಂದ್ರೆ. ಅದ್ರಲ್ಲಿ ಕಲ್ಲಿದ್ರೆ ಸಾಯೋಗಂಟ ಹಲ್ಲಿಗೆ ಸಿಕ್ತಾನೇ ಇರ್ತದೆ," ಎನ್ನುತ್ತಿದ್ದರು.

ಅವರ ಹಲ್ಲಿಗೆ ಸಿಕ್ಕ ಕಲ್ಲು ಯಾವುದೆಂದು ತಿಳಿಯಲು ನನಗೆ ಸುಮಾರು ದಿನ ಹಿಡಿಯಿತು. ಊರಿನವರ ಮದುವೆಯೊಂದರಲ್ಲಿ ಇಬ್ಬರೂ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದೆವು. ಬಡಿಸುವವನು ಎರಡನೇ ಸಲ ಪಾಯಸ ತಂದ. ನಾನು ಎಲೆಗೆ ಅಡ್ಡ ಕೈ ಹಿಡಿದೆ. ಸಿಸ್ಟರ್ ನನ್ನ ಕೈಯನ್ನೇ ನೋಡಿ ಮೆಲ್ಲಗೆ ಅಂದರು: "ನೋಡಿ, ಅದೇ ನನ್ ಹೆಸ್ರು."

ಮನೆಗೆ ನಡೆದು ಬರುವಾಗ ಉಳಿದದ್ದನ್ನು ಹೇಳಿದರು. ಅವರದು ಪಿರಿಯಾಪಟ್ಟಣ ತಾಲ್ಲೂಕು, ಕಂಪಲಾಪುರದ ಹತ್ತಿರದ ಹಳ್ಳಿ. ಶಿವಭಕ್ತರ ಮನೆ, ಹೊಗೆಸೊಪ್ಪು ಬೆಳೆಯುವವರು. ಮನೆಯಲ್ಲಿ ನಾಲ್ಕು ಹೆಣ್ಣು, ಇವರು ಕೊನೆಯವರು. ಶಾಲೆಗೆ ಸೇರಿದ ದಿನ ಮೇಷ್ಟ್ರು ಹೆಸರು ಕೇಳಿ, "ಓಹೋ, ಹೆಣ್ಣು ಸಾಕಾಯ್ತು ಅಂತ ಇಟ್ಟವ್ರೆ" ಎಂದು ನಕ್ಕರಂತೆ. ಮಕ್ಕಳೆಲ್ಲ ನಕ್ಕವು. "ನಾನೂವೆ ನಕ್ಕೆ ಟೀಚರೇ. ಎಲ್ರೂ ನಗ್ತಾವ್ರಲ್ಲ, ಒಳ್ಳೇದೇ ಇರ್ಬೇಕು ಅನ್ಕಂಡು. ಮನೆಗೋಗಿ ಹೊಗೆಸೊಪ್ಪು ಪೋಣಿಸ್ತಾ ಕೂತಾಗ ಇದ್ದಕ್ಕಿದ್ದಂಗೆ ಅರ್ಥ ಆಯ್ತು."

ನಾನು ಕನ್ನಡ ಕಲಿಸುವವಳು, ಸುಮ್ಮನಿರಲಾಗಲಿಲ್ಲ. ಸಾಕು ಎಂದರೆ ಸಲಹು, ಪೋಷಿಸು ಎಂಬ ಅರ್ಥವೂ ಇದೆ, ಸಾಕುತಾಯಿ ಅನ್ನುವುದಿಲ್ಲವೇ ಎಂದೆ. ಅವರು ನನ್ನ ತೋಳು ತಟ್ಟಿದರು. "ನೀವು ಟೀಚರು. ನಿಮಗೆ ಎರಡರ್ಥ ಸಿಕ್ತದೆ. ನಮ್ಮೂರಲ್ಲಿ ಒಂದೇ ಅರ್ಥ."

ಅಂದಿನಿಂದ ನಾನು ಗಮನಿಸತೊಡಗಿದೆ. ಮೇಷ್ಟ್ರ ಮಾತು ಹೇಳಿದ್ದು ಬಿಟ್ಟರೆ ಆ ಪದವನ್ನು ಅವರು ಬಾಯಲ್ಲಿ ಆಡುತ್ತಲೇ ಇರಲಿಲ್ಲ. ಊಟದಲ್ಲಿ "ತುಂಬ್ತು" ಅನ್ನುತ್ತಿದ್ದರು. ಕಾಫಿ ಬಗ್ಗಿಸುವಾಗ "ಆಯ್ತು, ಆಯ್ತು". ನೋವು ತಿನ್ನುತ್ತಿದ್ದ ಹೆಂಗಸರಿಗೆ "ಇನ್ನೊಂಚೂರು ಕಣವ್ವ, ಆಗೋಯ್ತು." ಒಂದು ಪದವನ್ನು ಬಿಟ್ಟು ಇಡೀ ಬದುಕು ಮಾತಾಡುವುದು ಎಷ್ಟು ಕಷ್ಟವೆಂದು ನಾನು ಒಂದು ದಿನ ಪ್ರಯತ್ನಪಟ್ಟು ನೋಡಿದೆ. ಮಧ್ಯಾಹ್ನದೊಳಗೆ ಸೋತೆ.

ಅವರಿಗೆ ಮದುವೆಯಾಗಿತ್ತು. ಎರಡು ಸಲ ಬಸುರಾಗಿ ಎರಡೂ ನಿಲ್ಲಲಿಲ್ಲ. ಗಂಡ ಬೇರೆ ಮದುವೆ ಮಾಡಿಕೊಂಡು ಹುಣಸೂರಿನ ಕಡೆ ಎಲ್ಲೋ ಇದ್ದ. ಆತನ ಬಗ್ಗೆ ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ಆತನ ಎರಡನೇ ಹೆಂಡತಿಗೆ ಹೆಣ್ಣು ಹುಟ್ಟಿದಾಗ ಏನು ಹೆಸರಿಟ್ಟರು ಎಂದು ಮಾತ್ರ ಯಾರದೋ ಕೈಲಿ ವಿಚಾರಿಸಿದ್ದರಂತೆ. ಹೂವಿನ ಹೆಸರು ಎಂದು ತಿಳಿದು ಸಮಾಧಾನವಾಯಿತು ಎಂದರು.

ಅವರ ಏಪ್ರನ್ನಿನ ಜೇಬಿನಲ್ಲಿ ಸದಾ ಕಲ್ಲುಸಕ್ಕರೆಯ ಪೊಟ್ಟಣ ಇರುತ್ತಿತ್ತು. ಗಂಡು ಹುಟ್ಟಿದರೆ ಮನೆಯವರೇ ಓಡಿ ಹೋಗಿ ಸ್ವೀಟು ತರುತ್ತಿದ್ದರು. ಹೆಣ್ಣು ಹುಟ್ಟಿ ಹೊರಗೆ ಕೂತವರು ಮುಖ ತಗ್ಗಿಸಿದರೆ ಸಿಸ್ಟರ್ ತಾವೇ ಬಂದು ಒಬ್ಬೊಬ್ಬರ ಬಾಯಿಗೂ ಒಂದೊಂದು ಹರಳು ಇಡುತ್ತಿದ್ದರು. ಬೇಡ ಎಂದರೂ ಬಿಡುತ್ತಿರಲಿಲ್ಲ. "ಬಾಯಿ ಸಿಹಿಯಾದ್ಮೇಲೆ ಕೂಸಿನ ಮಕ ನೋಡಿ. ಕಹಿ ಬಾಯಲ್ಲಿ ನೋಡ್ಬ್ಯಾಡಿ." ಮೀಸೆ ಹೊತ್ತ ಗಂಡಸರು ಅವರ ಮುಂದೆ ಬಾಯಿ ತೆರೆದು ನಿಲ್ಲುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ಆ ವಿದೇಶಿ ಹೆಂಗಸು ಬಂದದ್ದು ಒಂದು ಬೇಸಿಗೆಯಲ್ಲಿ. ಬೀಚನಹಳ್ಳಿಯ ಆಚೆ ಹಿನ್ನೀರಿನ ದಡದ ರೆಸಾರ್ಟಿನಲ್ಲಿ ಇಳಿದುಕೊಂಡಿದ್ದರು. ಫ್ರಾನ್ಸಿನವರು, ಅರವತ್ತು ದಾಟಿದ ವಯಸ್ಸು. ನೀರು ಇಳಿದ ಬಯಲಲ್ಲಿ ಬರಿಗಾಲಲ್ಲಿ ನಡೆದು ಮುಳ್ಳು ಚುಚ್ಚಿಸಿಕೊಂಡು, ಅದು ಕೀವಾಗಿತ್ತು. ಸಿಸ್ಟರ್‌ಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಶಾಲೆಗೆ ರಜೆ ಇದ್ದದ್ದರಿಂದ ನನ್ನನ್ನು ಕರೆಸಿಕೊಂಡರು. ಗಾಯ ಕಟ್ಟಿಸಿಕೊಳ್ಳಲು ಆಕೆ ಬರುವಾಗಲೆಲ್ಲ ನಾನು ಪಕ್ಕದಲ್ಲಿರುತ್ತಿದ್ದೆ. ಎರಡನೇ ದಿನವೋ ಮೂರನೇ ದಿನವೋ ಸಿಸ್ಟರ್ ತಮ್ಮ ಮಾಮೂಲಿ ಪ್ರಶ್ನೆ ಎತ್ತಿದರು. "ಈಯಮ್ಮನ ಹೆಸ್ರೇನು ಕೇಳಿ. ಅರ್ಥನೂ ಕೇಳಿ."

ಆಕೆಯ ಹೆಸರು ದೇಜಿರೆ. ಜಕಾರವನ್ನು ಅವರು ನಾಲಿಗೆ ತಾಗಿಸದೆ, ಜೇನು ಗುಂಯ್ ಎಂದ ಹಾಗೆ ಹೇಳಿದರು.

ಅದು ಫ್ರೆಂಚ್ ಹೆಸರು, ಬೇರು ಮಾತ್ರ ಲ್ಯಾಟಿನ್ನಿನದು ಎಂದು ಆಕೆ ವಿವರಿಸಿದರು. ಬಯಸಿದವಳು, ಬಯಸಿ ಪಡೆದವಳು ಎಂದು ಅರ್ಥ. ಬಹಳ ಹಿಂದೆ, ರೋಮಿನವರ ಕಾಲದಲ್ಲಿ, ಕ್ರೈಸ್ತರಾದ ಮನೆಗಳಲ್ಲಿ ವರ್ಷಗಟ್ಟಲೆ ಕಾದ ಮೇಲೆ ಹುಟ್ಟಿದ ಮಗುವಿಗೆ ಇಂಥ ಹೆಸರು ಇಡುವ ರೂಢಿ ಇತ್ತಂತೆ. ಗಂಡಿಗೂ ಇತ್ತು, ಹೆಣ್ಣಿಗೂ ಇತ್ತು. ಆ ಹೆಸರಿನ ಸಂತರೂ ಆಗಿಹೋದರಂತೆ. ಪದದ ಇನ್ನೂ ಆಳದಲ್ಲಿ ನಕ್ಷತ್ರ ಎಂಬ ಮಾತು ಅಡಗಿದೆ ಎಂದು ಕೆಲವರು ಹೇಳುತ್ತಾರೆ, ಆಕಾಶದ ಚುಕ್ಕಿ ನೋಡುತ್ತಾ ಕಾಯುವುದು ಎಂಬ ಹಾಗೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಬಯಸುವುದು ಎಂಬುದರ ಜೊತೆಗೆ, ಹತ್ತಿರ ಇಲ್ಲದವರ ಕೊರತೆ ಕಾಡುವುದು ಎಂಬ ಅರ್ಥವೂ ಇದೆ.

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. ಸಿಸ್ಟರ್ ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡಿದ್ದರು.

"ಬಯಕೆ ಅಂದ್ರೆ, ನಮ್ಮ ಬಸುರಿ ಬಯಕೆ ಅಂತೀವಲ್ಲ, ಅಂಗಾ?"

ನಾನು ಯೋಚಿಸಿರಲಿಲ್ಲ. ಹೌದು, ಅದೇ ಮಾತು ಎಂದೆ. ಆ ಹೆಂಗಸಿಗೂ ತಿಳಿಸಿದೆ. ಬಸುರಿಯ ಆಸೆಗೂ ಈ ಆಸೆಗೂ ಕನ್ನಡದಲ್ಲಿ ಒಂದೇ ಪದ ಎಂದು ಕೇಳಿ ಆಕೆ ಹಿಗ್ಗಿ ಎರಡು ಸಲ "ಬಯಕೆ" ಎಂದು ಹೇಳಿ ನೋಡಿದರು.

ಸಿಸ್ಟರ್ ಬ್ಯಾಂಡೇಜು ಸುತ್ತಿ ಮುಗಿಸಿ ಕೇಳಿದರು: "ಅಂಥಾ ಹೆಸ್ರು ಇಟ್ಕಂಡು ಬದುಕೋದು ಎಂಗಿರ್ತದೆ, ಕೇಳಿ ಟೀಚರೇ."

 ತನ್ನ ತಂದೆ ತಾಯಿ ಹನ್ನೊಂದು ವರ್ಷ ಕಾದಿದ್ದರು ಎಂದರು ಆಕೆ. ಅಷ್ಟು ಕಾದು ಪಡೆದ ಮಗಳು ಏನು ಮಾಡಿದರೂ ಆ ಕಾಯುವಿಕೆಗೆ ಸಮ ಬರಲಿಲ್ಲ. ಅಮ್ಮನ ಕಣ್ಣಲ್ಲಿ ತಾನು ಯಾವಾಗಲೂ ಸ್ವಲ್ಪ ಕಡಿಮೆಯೇ. ಆದರೆ ಬೇಡದವಳು ಎಂದು ಒಂದು ದಿನವೂ ಅನ್ನಿಸಲಿಲ್ಲ, ಅಷ್ಟು ಮಾತ್ರ ನಿಜ.

 ಆಕೆ ಹೊರಟ ಮೇಲೆ ಸಿಸ್ಟರ್ ಕೈ ತೊಳೆಯುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡು ನೋಡಿದರು: "ದೇಸಿರೆ. ದೇಸಿರೆ." ಜೇನಿನ ಸದ್ದು ಅವರ ಬಾಯಿಗೆ ಕೊನೆಯವರೆಗೂ ಬರಲಿಲ್ಲ.

ಅದಾದ ಮರುವರ್ಷವೇ ಇರಬೇಕು, ಊರಿನ ಒಂದು ಒಕ್ಕಲುಮನೆಯ ಸೊಸೆಗೆ ಮೂರನೇ ಬಸುರು. ಮೊದಲೆರಡೂ ಹೆಣ್ಣು. ಏಳು ತಿಂಗಳು ತುಂಬುವಷ್ಟರಲ್ಲಿ ರಕ್ತ ಹೋಗಲು ಶುರುವಾಗಿ, ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ಮಲಗಿಸಿ, ಎದ್ದು ಬರುವಾಗ ಆ ಹುಡುಗಿ ಕಡ್ಡಿಯ ಹಾಗಾಗಿದ್ದಳು. ಸಿಸ್ಟರ್ ಅಲ್ಲಿಗೂ ಹೋಗಿ ಅವಳ ಕೈ ಹಿಡಿದು ಕೂತು ಬಂದರು. ದಿನ ತುಂಬಿ, ಒಂದು ಮಧ್ಯಾಹ್ನ ನಮ್ಮ ಊರಿನಲ್ಲೇ ಹೆರಿಗೆಯಾಯಿತು. ಹೆಣ್ಣು. ತಾಯಿ ಮಗು ಇಬ್ಬರೂ ಉಳಿದರು. ಸಿಸ್ಟರ್ ಪೊಟ್ಟಣ ಬಿಚ್ಚಿಕೊಂಡು ಹೊಂಗೆ ಮರದ ಕೆಳಗೆ ಕೂತಿದ್ದ ಅತ್ತೆಯ ಹತ್ತಿರ ಹೋದರೆ, ಆಕೆ ಬಾಯಿ ಮುಚ್ಚಿಕೊಂಡರು. "ನಂಗೆ ಸಕ್ರೆ ಕಾಯ್ಲೆ ಅದೆ, ಬ್ಯಾಡ ಕಣವ್ವ."

"ಒಂದು ಹರಳಿಗೆ ಏನೂ ಆಗಲ್ಲ. ನಾನೇ ಯೋಳ್ತಾವ್ನಿ, ಬಾಯ್ ತಗೀರಿ."

ಹೆಸರಿಡುವ ದಿನ ನಮ್ಮಿಬ್ಬರನ್ನೂ ಕರೆದಿದ್ದರು. ಅವರ ಮನೆಯ ಹಟ್ಟಿಯಲ್ಲಿ ತೊಟ್ಟಿಲು ಕಟ್ಟಿ, ನಾಲ್ಕು ಮನೆಯ ಹೆಂಗಸರು ಸೇರಿದ್ದರು. ಆ ಅತ್ತೆ ಸಿಸ್ಟರ್‌ಗೆ ಅರಿಶಿನ ಕುಂಕುಮ ಕೊಟ್ಟು ಸಂತೋಷದಿಂದಲೇ ಹೇಳಿದರು: "ನಿಮ್ದೇ ಎಸ್ರು ಮಡಗನ ಅಂತ ಮಾಡೀವಿ ಕಣ್ರವ್ವ. ನಿಮ್ ಕೈಯಾಗೆ ಹುಟ್ಟಿದ್ದು. ನಿಮ್ ಎಸ್ರು ಮಡಗ್ದಂಗೂ ಆಯ್ತದೆ, ಮುಂದ್ಲುದು ಗಂಡಾದಂಗೂ ಆಯ್ತದೆ."

ಆಕೆ ಮನಸ್ಸಿನಲ್ಲಿ ಕೆಟ್ಟದ್ದು ಇಟ್ಟುಕೊಂಡು ಹೇಳಿದ್ದಲ್ಲ. ಮರ್ಯಾದೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದರು. ಸಿಸ್ಟರ್ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ಕೆಳಗಿಟ್ಟರು.

"ಆ ಹೆಸ್ರು ಬ್ಯಾಡ," ಅಂದರು.

"ಯಾಕ್ರವ್ವ?"

"ಬ್ಯಾಡ ಅಷ್ಟೇ. ಬೇರೆ ಒಂದು ಹೆಸ್ರು ಯೋಳ್ತೀನಿ. ದೇಸಿರೆ ಅಂತ."

"ಅದ್ಯಾವ್ ದೇವ್ರು?"

"ದೇವ್ರಲ್ಲ. ಫ್ರಾನ್ಸ್ ಅಂತ ಒಂದು ದೇಶ ಅದೆ, ಅಲ್ಲಿಯೋರ ಹೆಸ್ರು. ಬೇಕು ಬೇಕು ಅಂತ ಬೇಡ್ಕಂಡು ಪಡೆದ ಮಗಳು ಅಂತ ಅರ್ಥ."

 ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ನಾವೇನೂ ಬೇಡ್ಕಂಡಿರ್ನಿಲ್ವಲ್ಲ, ಸಿಸ್ಟರವ್ವ. ಸುಳ್ಳೆಸ್ರು ಆಯ್ತದೆ."

"ನಾನು ಬೇಡ್ಕಂಡಿದ್ದೆ," ಅಂದರು ಸಿಸ್ಟರ್. "ಕೋಟೆ ಆಸ್ಪತ್ರೇಲಿ ರಕ್ತ ನಿಲ್ದೆ ಇದ್ದಾಗ ನಿಮ್ ಸೊಸೆ ಕೈ ಹಿಡ್ಕಂಡು ಕೂತಿದ್ದೆ. ಸಿವನೇ, ಇದೊಂದು ಉಳೀಲಿ ಅಂತ ಬೇಡ್ಕಂಡಿದ್ದೆ. ಒಬ್ರು ಬೇಡ್ಕಂಡಿದ್ರೂ ಹೆಸ್ರು ಸುಳ್ಳಾಗಲ್ಲ."

  ಆಗ ಬಾಗಿಲ ಹಿಂದೆ ಚಾಪೆಯ ಮೇಲೆ ಕೂತಿದ್ದ ಬಾಣಂತಿ, ಮನೆಯವರ ಮುಂದೆ ಬಾಯಿ ಬಿಡದ ಹುಡುಗಿ, ತಲೆ ಎತ್ತದೆ ಹೇಳಿದಳು: "ನಾನೂವೆ ಬೇಡ್ಕಂಡಿದ್ದೆ, ಅತ್ತೆಮ್ಮ."

ಅತ್ತೆ ಸೊಸೆಯ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆ ಹೆಸರನ್ನು ಬಾಯಲ್ಲಿ ಅತ್ತ ಇತ್ತ ಹೊರಳಿಸಿ, "ದೇಸಿರೆ, ದೇಸಿರಿ. ಸಿರಿ ಅಂತ ಅದೆಯಲ್ಲ ವೊಳಗೆ. ಇರ್ಲಿ ಬುಡು," ಎಂದು ಕೂಸಿನ ಕಿವಿಯ ಹತ್ತಿರ ಬಗ್ಗಿದರು.

ಹಾಗೆ ನಮ್ಮ ಕಬಿನಿ ದಂಡೆಯ ರಾಗಿ ಹೊಲದ ಮನೆಗೆ ಒಂದು ಫ್ರೆಂಚ್ ಹೆಸರು ಬಂತು. ಅಂಗನವಾಡಿಯಲ್ಲಿ ದೇಶೀರಿ ಆಯಿತು, ಮನೆಯಲ್ಲಿ ಸಿರಿ ಆಯಿತು. ಆಮೇಲೆ ಆ ಮನೆಗೆ ಗಂಡು ಹುಟ್ಟಲೇ ಇಲ್ಲ. ಅಜ್ಜಿಯ ಸೊಂಟದ ಮೇಲೆ ಬೆಳೆದದ್ದು ಈ ಮೂರನೆಯದೇ. ನಡೆಯಲು ಬಂದ ಮೇಲೆ ಅದು ದಿನಾ ನಮ್ಮ ಜಗುಲಿಗೆ ಬರುತ್ತಿತ್ತು. ಸಿಸ್ಟರ್ ಕೇಳುವರು, "ನಿನ್ ಹೆಸ್ರಿನ ಅರ್ಥ ಏನವ್ವ?" ಅದು ರಾಗವಾಗಿ, "ಬೇಕೂ ಅಂತ ಬಂದೋಳು" ಎನ್ನುವುದು. ಎಷ್ಟು ಸಲ ಕೇಳಿದರೂ ಅವರಿಗೆ ದಣಿವಿಲ್ಲ, ಅದಕ್ಕೂ ದಣಿವಿಲ್ಲ.

ಸಿಸ್ಟರ್ ನಿವೃತ್ತರಾಗಿ ಸಾಮಾನು ಕಟ್ಟುತ್ತಿದ್ದ ದಿನ ಮಗು ಬಾಗಿಲಲ್ಲಿ ನಿಂತು, ಅಷ್ಟು ವರ್ಷ ಯಾರೂ ಕೇಳದಿದ್ದನ್ನು ಕೇಳಿತು. "ನಿಮ್ ಹೆಸ್ರಿನ ಅರ್ಥ ಏನಜ್ಜಿ?"

ಅವರು ಮಡಚುತ್ತಿದ್ದ ಸೀರೆಯನ್ನು ಮಡಚುತ್ತಲೇ ಇದ್ದರು. "ನಂದಕ್ಕೆ ಅರ್ಥ ಇಲ್ಲ ಕಣವ್ವ. ಬರೀ ಹೆಸ್ರು," ಎಂದು ಹೇಳಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಹುಟ್ಟಿದ ಊರಿಗೆ ಹೋಗಿ ಅಕ್ಕನ ಮನೆಯ ಪಕ್ಕದಲ್ಲೇ ಒಂದು ಕೋಣೆ ಕಟ್ಟಿಕೊಂಡರು. ಎರಡು ವರ್ಷ ಚೆನ್ನಾಗಿದ್ದರು. ಆಮೇಲೆ ಕಿಡ್ನಿ ಕೈಕೊಟ್ಟು, ಹುಣಸೂರಿಗೆ ಡಯಾಲಿಸಿಸ್‌ಗೆ ಹೋಗಿಬರುವುದೇ ಬದುಕಾಯಿತು. ಅಷ್ಟರಲ್ಲಿ ನನಗೂ ಕೆ.ಆರ್. ನಗರಕ್ಕೆ ವರ್ಗವಾಗಿತ್ತು. ರಜೆ ಸಿಕ್ಕಾಗ ಹುಣಸೂರಿಗೇ ಹೋಗಿ ಅವರ ಮಂಚದ ಪಕ್ಕ ಕೂರುತ್ತಿದ್ದೆ. ಹೊಸ ನರ್ಸುಗಳ ಹೆಸರಿನ ಅರ್ಥವನ್ನೆಲ್ಲ ಅವರು ಆಗಲೇ ತಿಳಿದುಕೊಂಡಾಗಿತ್ತು. ಕೈ ಊದಿ, ಬಳೆ ತೆಗೆಸಿದ್ದರು.

ಕೊನೆಯ ಸಲ ಹೋದಾಗ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಟೀಚರೇ, ಆ ಫ್ರಾನ್ಸಿನಮ್ಮ ಯೋಳಿದ್ರಲ್ಲ, ಬೇಡದೋಳು ಅಂತ ಒಂದಿನಾನೂ ಅನ್ನಿಸ್ನಿಲ್ಲ ಅಂತ. ಅದು ನಿಜ ಇರ್ಬೋದಾ? ಒಂದಿನಾನೂ?"

ನಿಜ ಇರಬಹುದು ಎಂದೆ.

"ಇರ್ಬೇಕು," ಅಂದರು. "ನಮ್ಮವ್ವ ಬೇಗ ಹೋಗ್‌ಬುಟ್ಲು. ನಂಗೆ ಅವಳ ಮಕ ಸರಿಯಾಗಿ ನೆಪ್ಪಿಲ್ಲ. ಇದ್ದಿದ್ರೆ ಕೇಳ್ತಿದ್ದೆ. ಏನಂತ ಹೆಸ್ರಿಟ್ಟೆ ಅವ್ವ, ಅಂತ. ಜಗಳಕ್ಕಲ್ಲ. ಸುಮ್ನೆ ಕೇಳ್ತಿದ್ದೆ."

ಅವರ ಶಿವಗಣಾರಾಧನೆಯ ದಿನ ನಾನು ಕಂಪಲಾಪುರದಲ್ಲಿ ಬಸ್ಸಿಳಿದು ಆಟೋದಲ್ಲಿ ಹೋದೆ. ಶಾಮಿಯಾನದ ಕೆಳಗೆ ಊಟ ನಡೆಯುತ್ತಿತ್ತು. ಕಬಿನಿ ಕಡೆಯ ಊರಿನಿಂದ ಸಿರಿ ಮತ್ತು ಅವಳ ತಾಯಿ ಬೆಳಿಗ್ಗೆಯೇ ಬಂದಿದ್ದರು. ಸಿರಿ ಈಗ ಹೈಸ್ಕೂಲು ಹುಡುಗಿ, ನನ್ನಷ್ಟೇ ಎತ್ತರ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ನಾವು ಮೂವರೂ ಸಿಸ್ಟರ್ ಅವರ ಅಕ್ಕನ ಹತ್ತಿರ ಹೋಗಿ ಕೂತೆವು. ನಾಲ್ವರು ಅಕ್ಕತಂಗಿಯರಲ್ಲಿ ಹಿರಿಯವರು, ಎಂಬತ್ತರ ಆಚೀಚಿನ ಮುದುಕಿ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು.

"ನೀನ್ಯಾರ ಮಗ್ಳು ಕೂಸೆ? ಎಸ್ರೇನು?" ಎಂದು ಸಿರಿಯನ್ನು ಕೇಳಿದರು.

ಅವಳು ಪೂರಾ ಹೆಸರು ಹೇಳಿದಳು. ಮುದುಕಿಗೆ ತಿಳಿಯಲಿಲ್ಲ. ಅದಕ್ಕೆ ಸಿರಿ, "ಬೇಡ್ಕಂಡು ಪಡೆದ ಮಗಳು ಅಂತ ಅರ್ಥ ಅಜ್ಜಿ. ಸಿಸ್ಟರಜ್ಜಿನೇ ಇಟ್ಟಿದ್ದು," ಎಂದಳು.

ಮುದುಕಿ ತಲೆ ಆಡಿಸಿದರು. "ಅಂಗಾರೆ ಅವಳ ಎಸ್ರೇ ನಿಂಗೂ ಮಡಗವ್ಳೆ ಅನ್ನು."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. "ಅವರ ಹೆಸರಿಗೆ ಆ ಅರ್ಥ ಅಲ್ಲವಲ್ಲ ಅಜ್ಜಿ," ಎಂದೆ.

"ಇನ್ಯಾವುದವ್ವ? ನಮ್ ಮೂರು ಜನ ಆದ್ಮೇಲೆ ಅವ್ವಂಗೆ ಮೂರು ಕೂಸು ಹುಟ್ಟಿ ಹುಟ್ಟಿ ಸತ್ತೋದ್ವು. ಮೂರೂ ತೊಟ್ಟಿಲಿಗೆ ಬಿದ್ದು ತಿಂಗಳು ತುಂಬ್ನಿಲ್ಲ. ಇದು ಹುಟ್ದಾಗ ಅವ್ವ ಎತ್ಕಂಡೋಗಿ ಸಿವನ ಗುಡಿ ಮುಂದೆ ಮಲಗ್ಸಿ ಕೂಗಾಡುದ್ಲು. ನಾನೂ ಇದ್ದೆ, ನೋಡೀನಿ. ಸಾಕು ಕಣಪ್ಪ ನೀನು ತಗಂಡಿದ್ದು, ಇದು ನಂಗೆ ಬೇಕು, ಇದ್ನ ಮುಟ್‌ಬ್ಯಾಡ, ಅಂತ. ಅದ್ನೇ ಎಸ್ರು ಮಡಗುದ್ಲು. ಆಮ್ಯಾಕೆ ಅಪ್ಪ, ಸತ್ತ ಕೂಸುಗಳ ಮಾತು ಮನೇಲಿ ಯಾರೂ ಎತ್‌ಬ್ಯಾಡಿ, ಉಳ್ದಿರೋದಕ್ಕೆ ದೃಷ್ಟಿಯಾಯ್ತದೆ ಅಂದ. ಯಾರೂ ಎತ್ನಿಲ್ಲ."

ಸಿರಿಯ ತಾಯಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಶಾಮಿಯಾನದ ಕಡೆಯಿಂದ ಯಾರೋ ಸಾರು ತರಲು ಕೂಗುತ್ತಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಹುಣಸೂರಿನ ಆ ಮಂಚ.

ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಹೊಳೆದವರಂತೆ ಅವರ ಕೈ ನನ್ನ ಮಂಡಿಯ ಮೇಲೆ ಬಂತು. "ಅವಳ್ಗೆ ಇದು ಗೊತ್ತಿತ್ತಲ್ವಾ? ಓದಿದೋಳು, ತಿಳ್ಕಂಡಿರ್ತಾಳೆ ಅಂತ ನಾನು ಸುಮ್ಕಿದ್ದೆ. ನಿನ್ ತಾವ ಎಲ್ಲಾ ಯೋಳ್ಕತಿದ್ಲಂತಲ್ಲ."

"ಗೊತ್ತಿತ್ತು ಅಜ್ಜಿ," ಎಂದೆ. "ನನಗೆ ಒಂದು ಸಲ ಹೇಳಿದ್ದರು."

"ಅಂಗಾರೆ ಸರಿ ಬುಡು," ಎಂದು ಮುದುಕಿ ಉಸಿರು ಬಿಟ್ಟರು. ಸಿರಿಯ ಭುಜ ಹಿಡಿದು ಎದ್ದು, ಉಣ್ಣಲು ಬಂದವರನ್ನು ವಿಚಾರಿಸಿಕೊಳ್ಳಲು ನಿಧಾನವಾಗಿ ಶಾಮಿಯಾನದ ಕಡೆ ನಡೆದರು.